ಆರು ಬಿ ಫೋಲ್ಡರಿನ ಧ್ವನಿ

“ಸುಮ್ನೆ ನೋಡ್ತಾ ಕೂತ್ರೆ ತೆರ್ಕೊಳ್ಳುತ್ತೇನೇ? ಕ್ಲಿಕ್ ಮಾಡು!” ಎಂದ ಡೆಲ್ವಿನ್.

“ತಡಿಯೋ, ಅವಸರ ಮಾಡಿ ಕೆಡಿಸ್ಬೇಡ,” ಎಂದಳು ನಿಹಾಲ.

ಊಟದ ಬಿಡುವು. ಕೇರಳದ ತಳಿಪರಂಬದ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಅವರಿಬ್ಬರೇ ಇದ್ದರು. ನಿಹಾಲ ಒಂದು ವಾರ ಕೂತು ಬರೆದ ಪ್ರೋಗ್ರಾಂ ಪರದೆಯ ಮೇಲಿತ್ತು. ಫೋಲ್ಡರಿನಲ್ಲಿರುವ ಫೈಲುಗಳ ಹೆಸರನ್ನೆಲ್ಲ ಅದು ಸಾಲಾಗಿ ತೋರಿಸುತ್ತಿತ್ತು. ಹೆಸರಿನ ಮೇಲೆ ಒತ್ತಿದರೆ ಆ ಫೈಲು ತನ್ನ ಆಪ್‌ನಲ್ಲಿ ತೆರೆದುಕೊಳ್ಳಬೇಕು.

“ಯಾವ ಫೈಲಿಗೆ ಯಾವ ಆಪ್ ಅಂತ ನಿನ್ನ ಪ್ರೋಗ್ರಾಂಗೆ ಗೊತ್ತಿರಬೇಕಾಗಿಲ್ಲ,” ಎಂದು ಕಂಪ್ಯೂಟರ್ ಕಲಿಸುವ ಪ್ರಮೋದ್ ಮಾಷ್ ಹೇಳಿಕೊಟ್ಟಿದ್ದರು. “ಇದನ್ನ ತೆರಿ ಅಂದ್ರೆ ಸಾಕು. ಯಾರು ತೆರೀಬೇಕು ಅನ್ನೋದನ್ನ ಕಂಪ್ಯೂಟರೇ ನೋಡ್ಕೊಳ್ಳುತ್ತೆ.”

ಲ್ಯಾಬಿನ ಬೇರೆ ಕಂಪ್ಯೂಟರುಗಳಲ್ಲಿ ಎಲ್ಲ ಸರಿಯಾಗಿತ್ತು. ಒತ್ತಿದರೆ ಚಿತ್ರ ಬಂತು, ಹಾಡು ಬಂತು. ಈಗ ಉಳಿದದ್ದು ಇಂದು ಬೆಳಿಗ್ಗೆ ಸ್ಟಾಫ್ ರೂಮಿನಿಂದ ಬಂದ ಈ ಹಳೇ ಲ್ಯಾಪ್‌ಟಾಪ್. ಅದರಲ್ಲಿ ‘ಆರು ಬಿ’ ಎಂಬ ಫೋಲ್ಡರ್ ಇತ್ತು.

“ನಮ್ಮ ಕ್ಲಾಸೇ ಕಣೇ!” ಎಂದ ಡೆಲ್ವಿನ್. “ಮಾರ್ಕ್ಸ್ ಇರ್ಬೋದು.”

“ಯಾರದ್ದೋ ಏನೋ. ಕೇಳ್ದೆ ತೆರೀಬಾರ್ದು.”

ಹಾಗೆ ಹೇಳುತ್ತಲೇ ಅದರಲ್ಲಿದ್ದ ಒಂದೇ ಫೈಲಿನ ಮೇಲೆ ಒತ್ತಿದಳು. ಅದು ಬರೀ ಬರಹದ ಫೈಲು. ನೋಟ್‌ಪ್ಯಾಡ್ ತೆರೆಯಬೇಕಿತ್ತು. ಏನೂ ತೆರೆಯಲಿಲ್ಲ.

ಬದಲಿಗೆ ಒಂದು ಧ್ವನಿ ಕೇಳಿತು.

“ಬಾಗಿಲಿನಿಂದ ಮೇಜಿಗೆ ಏಳು ಹೆಜ್ಜೆ. ಮೇಜಿನ ಎಡ ಮೂಲೆ ಚೂಪು.”

ಹೆಂಗಸಿನ ಧ್ವನಿ. ಅದರಲ್ಲಿ ಏರಿಳಿತವಿರಲಿಲ್ಲ, ಉಸಿರೂ ಇರಲಿಲ್ಲ.

“ಒಂದನೇ ಬೆಂಚು. ಗೋಡೆ ಬದಿ ಶ್ರೀಬಾಲ. ಬಳೆ ಸದ್ದು. ಪಕ್ಕದಲ್ಲಿ ಫಿದ. ಮಾತಿಗೆ ಮೊದಲು ನಗು.”

“ಯಾರೇ ಇದು?” ಡೆಲ್ವಿನ್ ಪಿಸುಗುಟ್ಟಿದ.

“ಎರಡನೇ ಬೆಂಚು. ಡೆಲ್ವಿನ್. ಸದಾ ಕಾಲು ಅಲ್ಲಾಡಿಸುತ್ತಾನೆ.”

ಮೇಜಿನ ಕೆಳಗೆ ಅಲ್ಲಾಡುತ್ತಿದ್ದ ಅವನ ಕಾಲು ಗಕ್ಕನೆ ನಿಂತಿತು. “ನಿಲ್ಸೇ ಅದನ್ನ!”

ನಿಹಾಲ ಸಿಕ್ಕಸಿಕ್ಕ ಕೀಲಿ ಒತ್ತಿದಳು. ಧ್ವನಿ ನಿಲ್ಲಲಿಲ್ಲ.

“ಮೂರನೇ ಬೆಂಚು, ಕಿಟಕಿ ಬದಿ. ನಿಹಾಲ. ಮಾತಾಡುವ ಮೊದಲು ಮೂಗು ಎಳೆಯುತ್ತಾಳೆ. ಒಂಬತ್ತು ದಿನದಿಂದ ಸದ್ದಿಲ್ಲ. ಇದ್ದಾಳೋ ಇಲ್ಲವೋ, ಗೊತ್ತಾಗುತ್ತಿಲ್ಲ.”

ನಿಹಾಲ ತನ್ನ ಕೈ ತನಗೇ ಕಾಣುತ್ತಿದೆಯೇ ಎಂದು ನೋಡಿಕೊಂಡಳು. ಧ್ವನಿ ಅಷ್ಟಕ್ಕೇ ನಿಂತುಹೋಯಿತು. ಫ್ಯಾನಿನ ಸದ್ದೊಂದೇ ಉಳಿಯಿತು.

ಒಂಬತ್ತು ದಿನ.

ಒಂಬತ್ತು ದಿನದ ಹಿಂದೆ ಅವಳು ತನ್ನ ಉಮ್ಮಾ ಜೊತೆ ಬಸ್ ಸ್ಟ್ಯಾಂಡಿನಲ್ಲಿದ್ದಳು. ಎದುರಿಗೆ ಮಲಯಾಳಂ ಕಲಿಸುವ ವತ್ಸಲ ಟೀಚರ್ ಬಂದರು. ನಿಹಾಲ ಬಾಯ್ತುಂಬ ನಕ್ಕು ಕೈ ಬೀಸಿದಳು. ಟೀಚರ್ ಅವಳ ಮುಖವನ್ನೇ ನೋಡುತ್ತ, ನಗದೆ, ಮುಂದೆ ಹೋಗಿಬಿಟ್ಟರು. “ಏನು ಜಂಬ ನೋಡು ನಿಮ್ಮ ಟೀಚರ್‌ಗೆ!” ಎಂದಿದ್ದಳು ಉಮ್ಮಾ. ಅಂದಿನಿಂದ ಮಲಯಾಳಂ ಪೀರಿಯಡ್ಡಿನಲ್ಲಿ ನಿಹಾಲ ತುಟಿ ಬಿಚ್ಚಿರಲಿಲ್ಲ.

“ಡೆಲ್ವಿನ್,” ಎಂದಳು ಮೆಲ್ಲಗೆ. “ದೆವ್ವ ಅಲ್ಲ ಕಣೋ. ಬರಹದ ಫೈಲನ್ನ ತೋರಿಸ್ಬೇಡ, ಓದಿ ಹೇಳು ಅಂತ ಯಾರೋ ಈ ಲ್ಯಾಪ್‌ಟಾಪಿಗೆ ಹೇಳಿಟ್ಟಿದ್ದಾರೆ.”

“ಯಾಕೆ ಹಾಗೆ ಹೇಳ್ತಾರೆ?”

ಅವಳು ಉತ್ತರಿಸುವ ಮೊದಲೇ ಹೊರಗೆ ವರಾಂಡದಲ್ಲಿ ಹೆಜ್ಜೆಗಳ ಸದ್ದು ಕೇಳಿತು. ನಿಧಾನದ, ಒಂದೇ ಅಳತೆಯ ಹೆಜ್ಜೆಗಳು. ಬಾಗಿಲ ಬಳಿ ಬಂದು ನಿಂತವು.

ವತ್ಸಲ ಟೀಚರ್.

“ಯಾರಲ್ಲಿ?”

ಅವರು ನೇರವಾಗಿ ನಿಹಾಲಳ ಮುಖವನ್ನೇ ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೂ ಹೀಗೆಯೇ.

“ಯಾರು ಅಂತ ಕೇಳ್ದೆ.”

ಡೆಲ್ವಿನ್ ತುಟಿಯ ಮೇಲೆ ಬೆರಳಿಟ್ಟ. ಹಿಂಬಾಗಿಲ ಕಡೆ ಕಣ್ಣು ತೋರಿಸಿದ. ಉಸಿರು ಬಿಗಿಹಿಡಿದು ಕೂತರೆ ಸಾಕು, ಬೈಗುಳವಿಲ್ಲ, ಏನೂ ಇಲ್ಲ. ಅವರಿಬ್ಬರೂ ಅಲ್ಲಿ ಇರಲೇ ಇಲ್ಲ ಎಂದಾಗುತ್ತಿತ್ತು.

ಟೀಚರ್ ಒಂದು ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮುಂದೆ ಹೆಜ್ಜೆ ಇಡಲಿಲ್ಲ. ಟೀಚರಿಗೂ ಹೆದರಿಕೆಯಾಗುತ್ತದೆ ಎಂದು ನಿಹಾಲ ಎಂದೂ ಅಂದುಕೊಂಡಿರಲಿಲ್ಲ.

“ಟೀಚರೇ, ನಾನು,” ಎಂದಳು. “ನಿಹಾಲ. ನಿಮ್ಮ ಫೈಲನ್ನ ಕೇಳ್ದೆ ತೆರೆದೆ. ತಪ್ಪಾಯ್ತು.”

ಟೀಚರ್ ಚೌಕಟ್ಟಿನಿಂದ ಕೈ ತೆಗೆದರು.

“ಹಾಗಾದ್ರೆ ನೀನು ಇದ್ದೀಯ,” ಎಂದರು. “ಒಂಬತ್ತು ದಿನದಿಂದ ಹುಡುಕ್ತಾ ಇದ್ದೆ.”

“ಇಲ್ಲಿ ನಾನೂ ಇದ್ದೀನಿ ಟೀಚರೇ... ಡೆಲ್ವಿನ್.”

“ನೀನಿಲ್ದೆ ಇರ್ತೀಯೇನೋ!” ಟೀಚರ್ ನಕ್ಕರು. ಆಮೇಲೆ ನಗು ತಗ್ಗಿತು. “ಹೆಡ್‌ಮಾಸ್ಟರಿಗೆ ಹೇಳಿದ್ದೀನಿ. ನಿಮಗೆ ಹೇಳೋಕೆ ಮಾತ್ರ ಧೈರ್ಯ ಸಾಲಲಿಲ್ಲ. ಸ್ವಲ್ಪಸ್ವಲ್ಪ ಬೆಳಕು ಗೊತ್ತಾಗುತ್ತೆ. ಮುಖ ಗೊತ್ತಾಗಲ್ಲ. ಅದಕ್ಕೇ ಆ ಫೈಲು. ದಿನಾ ಕ್ಲಾಸಿಗೆ ಬರೋ ಮೊದಲು ಕೇಳ್ಕೊಂಡು ಬರ್ತಿದ್ದೆ. ಈಗ್ಲೂ ಅದಕ್ಕೇ ಬಂದೆ.”

ಬೆಲ್ಲು ಹೊಡೆಯಿತು. ಮುಂದಿನದು ಮಲಯಾಳಂ ಪೀರಿಯಡ್.

“ಕೈ ಹಿಡ್ಕೊಳ್ಳಲಾ ಟೀಚರೇ?” ಎಂದಳು ನಿಹಾಲ.

“ಕೈ ಬೇಡಮ್ಮ. ಮಾತಾಡ್ತಾ ಮುಂದೆ ನಡಿ. ನಾನು ಹಿಂದೆ ಬರ್ತೀನಿ.”

ನಿಹಾಲ ಒಮ್ಮೆ ಮೂಗು ಎಳೆದಳು. ಬೆಳಿಗ್ಗೆ ತಿಂದ ಪುಟ್ಟು ಗಟ್ಟಿಯಾಗಿದ್ದದ್ದು, ಬಸ್ಸಿನಲ್ಲಿ ಯಾರದ್ದೋ ಕೊಡೆ ಚುಚ್ಚಿದ್ದು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ವರಾಂಡದಲ್ಲಿ ನಡೆದಳು. ಎಲ್ಲೂ ಮಾತು ನಿಲ್ಲಿಸಲಿಲ್ಲ. ಹಿಂದೆ ಆ ಹೆಜ್ಜೆಗಳು ಬರುತ್ತಲೇ ಇದ್ದವು.