ಅಂಗೈ ಕಾಣದ ಮೇಜು

ಚೆಂಡು ಮೇಜಿನ ಅಂಚನ್ನು ಕೂದಲೆಳೆಯಷ್ಟು ಸವರಿ ಕೆಳಗೆ ಜಾರಿತು. ಅದು ನೆಲಕ್ಕೆ ಬೀಳುವ ಮೊದಲೇ ನೆಟ್ಟಿನ ಕಂಬದ ಮೇಲೆ ಹಸಿರು ದೀಪ ಹೊತ್ತಿ, ಅಂಕ ಮಧುವಂತಿಯ ಹೆಸರಿಗೆ ಸೇರಿತು. ಎದುರಾಳಿ ಶಿಂಜಿನಿ ಪಾಲ್ ಹುಬ್ಬು ಗಂಟಿಕ್ಕಲೂ ಇಲ್ಲ. ಸಾಕ್ಷಿಮೇಜಿನ ಜೊತೆ ವಾದ ಮಾಡಿ ಗೆದ್ದವರು ಯಾರಿದ್ದಾರೆ? ಕೊನೆಯ ಗೇಮ್ ಹತ್ತು-ಹತ್ತಕ್ಕೆ ಬಂದು ನಿಂತಿತು.

ಇದು 2058ರ ಹುಬ್ಬಳ್ಳಿ. ಗೆದ್ದವಳಿಗೆ ರಾಷ್ಟ್ರೀಯ ಟೇಬಲ್ ಟೆನಿಸ್ ತಂಡದಲ್ಲಿ ಉಳಿದಿದ್ದ ಒಂದೇ ಒಂದು ಸ್ಥಾನ. ಮಧುವಂತಿ ಕಟ್ಟಿಮನಿಗೆ ಹತ್ತೊಂಬತ್ತು ವರ್ಷ, ಅದರಲ್ಲಿ ಹನ್ನೆರಡು ವರ್ಷ ಬ್ಯಾಟು ಹಿಡಿದೇ ಕಳೆದಿದ್ದಳು. ಕಳೆದ ವರ್ಷ ಇದೇ ಸ್ಥಾನ ಎರಡು ಅಂಕದಲ್ಲಿ ಕೈತಪ್ಪಿತ್ತು. ಈ ಸಲವೂ ತಪ್ಪಿದರೆ ಬೇರೆ ಹುಡುಗಿಯನ್ನು ನೋಡಿಕೊಳ್ಳುತ್ತೇವೆಂದು ಅವಳ ಲೀಗ್ ತಂಡದವರು ಮುಖಕ್ಕೇ ಹೇಳಿದ್ದರು.

ಸಾಕ್ಷಿಮೇಜು ಡಾ. ಗುರುಸಿದ್ಧ ಅಂಗಡಿಯವರ ಸೃಷ್ಟಿ. ಮೇಜಿನ ಬಣ್ಣದ ಕೆಳಗೆ ಒಂದು ತೆಳು ಪದರ, ಅದರ ತುಂಬ ಲಕ್ಷಾಂತರ ಸೂಕ್ಷ್ಮ ಹರಳುಗಳು. ಒತ್ತಡ ಬಿದ್ದರೆ ಈ ಹರಳುಗಳಲ್ಲಿ ಒಂದಿಷ್ಟು ವಿದ್ಯುತ್ ಹುಟ್ಟುತ್ತದೆ. ಚೆಂಡು ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂಬುದನ್ನು ಮೇಜು ಅದರಿಂದಲೇ ಲೆಕ್ಕ ಹಾಕುತ್ತದೆ. ಅದು ಬಂದ ಆರು ವರ್ಷಗಳಲ್ಲಿ ಅಂಪೈರ್ ಕುರ್ಚಿಗಳೆಲ್ಲ ಉಗ್ರಾಣ ಸೇರಿದ್ದವು. ಕ್ಯಾಮೆರಾಗಳು ಇದ್ದದ್ದು ಆಟ ತೋರಿಸಲು, ತೀರ್ಪು ಕೊಡಲು ಅಲ್ಲ.

ಶುರುವಿನಲ್ಲಿ ಒಂದು ಫಜೀತಿಯಾಗಿತ್ತು. ಈ ಆಟದವರಿಗೆ ಬೆವೆತ ಅಂಗೈಯನ್ನು ನೆಟ್ಟಿನ ಹತ್ತಿರ ಮೇಜಿಗೇ ಒರೆಸುವ ಚಾಳಿ. ಪ್ರಯೋಗಾಲಯದಲ್ಲಿ ಚೆಂಡು ಎಸೆಯುತ್ತಿದ್ದ ಯಂತ್ರ ಬೆವರುವುದಿಲ್ಲವಾದ್ದರಿಂದ ಅಂಗಡಿಯವರಿಗೆ ಇದು ಗೊತ್ತೇ ಇರಲಿಲ್ಲ. ಮೊದಲ ಪಂದ್ಯದಲ್ಲಿ ಕೈ ಒರೆಸಿದಾಗಲೆಲ್ಲ ದೀಪ ಹೊತ್ತಿ, ಸಭಾಂಗಣವೆಲ್ಲ ನಕ್ಕಿತು. ಅವರು ಅವಮಾನದಿಂದ ಕುದಿದು, ಒಂದೇ ವಾರದಲ್ಲಿ ಮೇಜಿಗೆ ಹೊಸ ಪಾಠ ಕಲಿಸಿದರು: ಅಗಲವಾಗಿ, ಮೆತ್ತಗೆ ಒತ್ತಿದ್ದೆಲ್ಲ ಅಂಗೈ, ಅದನ್ನು ಲೆಕ್ಕಕ್ಕೂ ಹಿಡಿಯಬೇಡ, ನೆನಪಿನಲ್ಲೂ ಇಡಬೇಡ. ಚೆಂಡು ಆಟದಲ್ಲಿರುವಾಗ ಬ್ಯಾಟು ಹಿಡಿಯದ ಕೈ ಮೇಜಿಗೆ ತಾಗಿದರೆ ಅಂಕ ಎದುರಾಳಿಗೆ ಹೋಗುತ್ತದೆ ಎಂಬ ಹಳೆಯ ನಿಯಮ ಆಗ ಯಾರಿಗೂ ನೆನಪಾಗಲಿಲ್ಲ.

ಶಿಂಜಿನಿ ಸರ್ವ್ ಮಾಡಿದಳು. ನಾಲ್ಕು ಹೊಡೆತಗಳ ನಂತರ ಚೆಂಡನ್ನು ನೆಟ್ಟಿನ ಬುಡಕ್ಕೆ ಮೆಲ್ಲನೆ ಇಳಿಬಿಟ್ಟಳು. ಮಧುವಂತಿ ಮುಂದಕ್ಕೆ ನುಗ್ಗಿದಳು, ಆಯ ತಪ್ಪಿತು, ಎಡ ಅಂಗೈ ಮೇಜಿಗೆ ಒತ್ತಿತು. ಅದೇ ಕ್ಷಣಕ್ಕೆ ಬಲಗೈ ಚೆಂಡನ್ನು ಆಚೆ ಮೂಲೆಗೆ ಅಟ್ಟಿತು. ಹಸಿರು ದೀಪ. ಹನ್ನೊಂದು-ಹತ್ತು.

ಅವಳ ಮೈಯೇ ಅಡ್ಡ ಇದ್ದುದರಿಂದ ಪ್ರೇಕ್ಷಕರಿಗೆ ಏನೂ ಕಂಡಿರಲಿಲ್ಲ. ಇನ್ನೊಂದೇ ಅಂಕ. ಕೋಚ್ ಶೌಕತ್ ಸರ್ ಮುಷ್ಟಿ ಎತ್ತಿ ತೋರಿಸುತ್ತಿದ್ದರು. ಮಧುವಂತಿಗೆ ಮಾತ್ರ ಎಡಗೈ ಉರಿಯುತ್ತಿದೆ ಅನ್ನಿಸಿತು. ಮೇಜಿನ ಅಂಕಿಅಂಶ ನೋಡುತ್ತ ಬದಿಯಲ್ಲಿ ಕುಳಿತಿದ್ದ ಅಂಗಡಿಯವರ ಬಳಿಗೆ ಹೋದಳು.

"ಸರ್, ನನ್ನ ಎಡಗೈ ಮೇಜಿಗೆ ತಾಗೇತ್ರಿ. ಈ ಪಾಯಿಂಟ್ ನಂದಲ್ಲ, ಆಕೀದು."

ಅಂಗಡಿಯವರು ಪರದೆ ನೋಡಿದರು. "ಇಲ್ಲಿ ಏನೂ ಇಲ್ಲವ್ವಾ."

"ಹೆಂಗ ಇರತೈತ್ರಿ? ಅಂಗೈ ನೋಡಬ್ಯಾಡ ಅಂತ ನೀವ ಕಲಿಸೀರಲ್ಲ."

ಅವರ ಮುಖ ಬಿಳುಚಿತು. ಆಟಗಾರರ ಹೇಳಿಕೆಯನ್ನು ಪರಿಗಣಿಸಬಾರದೆಂದು ನಿಯಮ ಬರೆಸಿದವರೂ ಅವರೇ. ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ತಗ್ಗಿದ ದನಿಯಲ್ಲಿ ಹೇಳಿದರು. ಶೌಕತ್ ಸರ್ ಓಡಿಬಂದು, ತಲೆ ಕೆಡಿಸಿಕೊಳ್ಳದೆ ಹೋಗಿ ಆಡು ಎಂದು ಗದರಿದರು.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಂಕ ಶಿಂಜಿನಿಗೆ ಹೋಗಿದ್ದರೆ ಹತ್ತು-ಹನ್ನೊಂದು ಆಗಬೇಕಿತ್ತು. ಒಂದು ಅಂಕ ಬಿಟ್ಟುಕೊಟ್ಟರೆ ಸಮ ಆಗುತ್ತದೆ ಅಷ್ಟೇ, ಸರಿ ಆಗುವುದಿಲ್ಲ. ಎರಡು ಬಿಡಬೇಕು. ಆದರೆ ಬೇಕೆಂದೇ ಅಂಕ ಬಿಡುವುದು ಅಪರಾಧ. ಬೆಟ್ಟಿಂಗ್ ತಡೆಯಲು ಮಾಡಿದ ಆ ನಿಯಮದಂತೆ ಮೊದಲ ಸಲಕ್ಕೆ ಎಚ್ಚರಿಕೆ, ಎರಡನೆಯದಕ್ಕೆ ಪಂದ್ಯದಿಂದಲೇ ಹೊರಗೆ. ನಾಟಕ ಮಾಡಿ ಬಿಡೋಣವೆಂದರೆ ಮೇಜು ಅವಳ ಹಿಂದಿನ ಸಾವಿರ ಹೊಡೆತಗಳ ಜೊತೆ ಹೋಲಿಸಿ ಹಿಡಿದುಬಿಡುತ್ತಿತ್ತು.

ಸರ್ವ್ ಅವಳದು. ಚೆಂಡನ್ನು ನೇರವಾಗಿ ನೆಟ್ಟಿಗೆ ಹೊಡೆದಳು. ಎಚ್ಚರಿಕೆಯ ಹಳದಿ ದೀಪ. ಹನ್ನೊಂದು-ಹನ್ನೊಂದು.

ಇಲ್ಲಿಗೆ ನಿಲ್ಲಿಸಿದ್ದರೂ ಯಾರೂ ಬೆರಳು ತೋರಿಸುತ್ತಿರಲಿಲ್ಲ. ನಿಲ್ಲಿಸಬೇಕೆಂದು ಅವಳಿಗೆ ತುಂಬಾ ಆಸೆಯಾಯಿತು. ಹನ್ನೆರಡು ವರ್ಷ ದುಡಿದದ್ದು ಇನ್ನೆರಡು ಅಂಕದ ದೂರದಲ್ಲಿತ್ತು. ಶಿಂಜಿನಿಯ ಸರ್ವ್ ಬಂತು. ಮಧುವಂತಿ ಬ್ಯಾಟನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತಳು.

ಕೆಂಪು ದೀಪ ಹೊತ್ತಿತು. ಶೌಕತ್ ಸರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಸಿದರು.

ಗೆದ್ದ ಶಿಂಜಿನಿ ಕುಣಿಯಲಿಲ್ಲ. ಮೇಜು ಸುತ್ತಿ ಬಂದು, ಹೀಗೇಕೆ ಮಾಡಿದೆ ಎಂದು ಹಿಂದಿಯಲ್ಲಿ ಕೇಳಿದಳು. ಮಧುವಂತಿ ಎಡಗೈ ಬಿಚ್ಚಿ ತೋರಿಸಿ, ಮೇಜಿಗೆ ತಾಗಿತ್ತು ಎಂದಳು. ಅಂಗಡಿಯವರೂ ಅಲ್ಲಿಗೆ ಬಂದಿದ್ದರು.

"ನಾನು ನೋಡಿದ್ದೆ," ಎಂದಳು ಶಿಂಜಿನಿ. "ಚೆನ್ನಾಗಿಯೇ ಕಂಡಿತ್ತು. ಆದರೆ ಹಸಿರು ದೀಪ ಬಂತಲ್ಲ, ನನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡೆ."

ತಂಡದ ಸ್ಥಾನ ಶಿಂಜಿನಿಗೇ ಹೋಯಿತು, ನಿಯಮವೆಂದರೆ ನಿಯಮ. ಅಂಗೈಯನ್ನೂ ಗುರುತಿಸುವಂತೆ ಮೇಜನ್ನು ತಿದ್ದಿಕೊಡಿ ಎಂದು ಒಕ್ಕೂಟದಿಂದ ಅಂಗಡಿಯವರಿಗೆ ಪತ್ರ ಬಂತು. ಅದು ಒಂದು ವಾರದ ಕೆಲಸ. ಮೇಜಿನಿಂದ ಎರಡು ಮಾರು ದೂರದಲ್ಲಿ ನಿಂತು, ಕಂಡದ್ದನ್ನೇ ಕಾಣಲಿಲ್ಲವೆಂದು ನಂಬಿದ ಆ ಹುಡುಗಿಯ ಕಣ್ಣನ್ನು ತಿದ್ದುವುದು ಹೇಗೆಂದು ಮಾತ್ರ ಅವರಿಗೆ ತಿಳಿಯಲಿಲ್ಲ. ಆಟಗಾರರು ತಾವಾಗಿ ಹೇಳಿದ್ದನ್ನೂ ಕೇಳಬೇಕೆಂದು ನಿಯಮಕ್ಕೆ ಒಂದು ಸಾಲು ಸೇರಿಸಿ ಎಂದು ಅವರು ಮರುಪತ್ರ ಬರೆದರು. ಅಂಥ ಮಾತನ್ನು ನಂಬುವುದು ಹೇಗೆ ಎಂದು ಒಕ್ಕೂಟ ಕೇಳಿತು.

ಸಾಕ್ಷಿಮೇಜು ಬರಲು ಇನ್ನೂ ಕೆಲವು ದಶಕಗಳಿವೆ. ಇವತ್ತು ಸಂಜೆ ಯಾವ ಊರಿನ ಕ್ಲಬ್ಬಿಗೆ ಹೋದರೂ ಅಂಪೈರ್ ಇಲ್ಲದೆ ಇಬ್ಬರು ಆಡುತ್ತಿರುತ್ತಾರೆ. ಒಬ್ಬ ಆಟ ನಿಲ್ಲಿಸಿ, ತಾಗಿತು ಮಾರಾಯ, ನಿನ್ನ ಪಾಯಿಂಟು ಎನ್ನುತ್ತಾನೆ. ಇನ್ನೊಬ್ಬ ಸರಿ ಎಂದು ಚೆಂಡು ಹೆಕ್ಕಿಕೊಳ್ಳುತ್ತಾನೆ.