ಏಳುವ ಮೊದಲು ಹೇಳಿ

"ಇದು ಬೆಂಚಲ್ಲ ಕಣ್ರೀ, ಇಲಿ ಬೋನು."

ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಆ ಗಂಡಸು ಹಾಗೆಂದಾಗ ಮೆರೆಲ್ ನಗು ತಡೆಯಲು ತುಟಿ ಕಚ್ಚಿಕೊಂಡಳು. ಅವನ ಬಿಳಿ ಶರಟಿನ ತುಂಬ ಕಾಫಿ. ತಿನ್ನುತ್ತಿದ್ದ ಬ್ರೆಡ್ಡಿನ ಮೇಲಿನ ಚಾಕೊಲೇಟ್ ಚೂರುಗಳೆಲ್ಲ ಗಡ್ಡದಲ್ಲಿ.

"ಒಬ್ಬರೇ ಕೂರಬೇಡಿ ಅಂತ ಫಲಕದಲ್ಲಿ ಬರೆದಿದೆ."

"ಓದಿಕೊಂಡು ಕೂರೋ ಬೆಂಚು ಮಾಡಿದ ಪುಣ್ಯಾತ್ಮರು ಯಾರು?"

"ನಾನೇ."

ಆಗ ಅವನ ಮುಖ ನೋಡಬೇಕಿತ್ತು...

ರಾಟರ್‌ಡ್ಯಾಮ್‌ನಲ್ಲಿ ವಿನ್ಯಾಸ ಉತ್ಸವ ನಡೆಯುತ್ತಿತ್ತು. ಒಂದು ಚೌಕದಲ್ಲಿ ಉಸಿರಾಡುವ ಗೋಡೆ, ಇನ್ನೊಂದರಲ್ಲಿ ಗಾಳಿಗೆ ಹಾಡುವ ಕೊಳವೆಗಳು. ಬಂದರಿನ ಪಕ್ಕದ ಚೌಕದಲ್ಲಿ ಮೆರೆಲ್ ಮಾಡಿದ ಬೆಂಚು. ಮಕ್ಕಳು ಏರಿ ಇಳಿದು ಆಡುವ ಸೀ-ಸಾ ಹಲಗೆಯಂತೆ ಅದಕ್ಕೆ ಎರಡೂ ತುದಿಯಲ್ಲಿ ಜನ ಬೇಕು. ನಡುವೆ ಕೂರೋಣವೆಂದರೆ ಅಲ್ಲಿ ಹೂಕುಂಡ. ಏಳುವ ಮೊದಲು ಇನ್ನೊಬ್ಬರಿಗೆ ಹೇಳಬೇಕು, ಇಲ್ಲದಿದ್ದರೆ ಅವರು ನೆಲಕ್ಕೆ.

ಒಂಟಿಯಾದ ಅಪರಿಚಿತರು ಒಬ್ಬರಿಗೊಬ್ಬರು ಆಸರೆಯಾಗಬೇಕು ಎಂಬುದು ಅವಳ ಬಹುದಿನದ ಕನಸು. ಉತ್ಸವ ಮುಗಿದ ಮೇಲೂ ಬೆಂಚು ಅಲ್ಲೇ ಉಳಿಯುವುದೋ ಇಲ್ಲವೋ ಎಂದು ನಗರಸಭೆ ಶನಿವಾರ ಹೇಳಲಿತ್ತು.

"ಹೇಗೂ ಬಿದ್ದಾಯ್ತು. ಬನ್ನಿ, ಒಂದ್ಸಲ ನೆಟ್ಟಗೆ ಕೂತು ನೋಡೋಣ," ಎಂದ ಅವನು. ಹೆಸರು ಯೋರಿಸ್. ಇಂಜಿನಿಯರ್.

ಇಬ್ಬರೂ ಕೂತರು. ಬೆಂಚು ಅವನ ಕಡೆ ವಾಲಿತು.

"ಕುಂಡದ ಕಡೆ ಸರ್ಕೊಳ್ಳಿ. ನಿಮ್ಮ ಭಾರ ಜಾಸ್ತಿ."

"ಗಡ್ಡದಲ್ಲಿರೋ ಚಾಕೊಲೇಟಿನದು."

ಮರುದಿನ ಮಧ್ಯಾಹ್ನವೂ ಅವನು ಬಂದ. ಅದರ ಮರುದಿನವೂ. ಮೆರೆಲ್ ಕೆಲಸಕ್ಕೆ ಬಾರದ ನೆಪ ಹುಡುಕಿ ಚೌಕದಲ್ಲೇ ಸುಳಿದಾಡತೊಡಗಿದಳು. ಚೌಕದ ಎದುರು ಮನೆಯ ಟ್ರೂಸ್ ಅಜ್ಜಿ ಮಾತ್ರ ದಿನಾ ಬೆಂಚಿನ ಹತ್ತಿರ ಬಂದು ನಿಂತು, ಮೂಗು ಮುರಿದು ಹೋಗುತ್ತಿದ್ದರು.

"ನಿಜ ಹೇಳಿ, ಬೆಂಚು ಹೇಗಿದೆ?" ಎಂದು ಒಂದು ದಿನ ಕೇಳಿದಳು.

"ಪರವಾಗಿಲ್ಲ," ಎಂದ ಯೋರಿಸ್.

ಈ ಊರಿನಲ್ಲಿ 'ಪರವಾಗಿಲ್ಲ' ಎಂದರೆ ಪದಕ ಕೊಟ್ಟಂತೆ. ಮೆರೆಲ್‌ಗೆ ಕುಣಿಯುವಷ್ಟು ಖುಷಿಯಾಯಿತು.

ಗುರುವಾರ ಅವನ ಫೋನು ರಿಂಗಾಯಿತು. ಅವನು ಬೆಂಚಿನ ಇನ್ನೊಂದು ತುದಿಯಲ್ಲೇ ಕೂತು, ದನಿ ತಗ್ಗಿಸಿ ಮಾತಾಡಿದ.

"ಹೌದು, ನಗರಸಭೆಯ ವರದಿ ಬರೀತಿರೋದು ನಾನೇ... ಇಲ್ಲ, ಹೀಗೇ ಬಿಡೋಕಾಗಲ್ಲ. ಒಬ್ಬರೇ ಬಂದವರು ಬೀಳ್ತಾರೆ. ಬೆಂಚಿಗೆ ಕಾಲು ಹಾಕಲೇಬೇಕು."

ಮೆರೆಲ್‌ಗೆ ಅಷ್ಟೂ ಕೇಳಿಸಿತು. ಹಾಗಾದರೆ ಈ ನಗು, ಈ ಮಾತು... ಎಲ್ಲ ತಪಾಸಣೆಯೇ? ಕಾಲು ಹಾಕಿದರೆ ಅದು ಎಲ್ಲ ಬೆಂಚುಗಳಂಥ ಇನ್ನೊಂದು ಬೆಂಚು, ಅಷ್ಟೇ.

ಅವಳು ಎದ್ದಳು. ಹಿಂದೆ ದೊಪ್ಪೆಂಬ ಸದ್ದು.

"ಮೆರೆಲ್... ಹೇಳಿ ಏಳಬೇಕಲ್ವಾ?"

"ನೀವು ಹೇಳಿ ಬಂದಿದ್ರಾ?"

ಕಣ್ಣೀರು ಕಾಣಬಾರದೆಂದು ಅವಳು ತಿರುಗಿಯೂ ನೋಡದೆ ನಡೆದಳು.

ಶನಿವಾರ ಬೆಳಿಗ್ಗೆ ಕೊನೆಯ ಸಲ ನೋಡಿಬರೋಣವೆಂದು ಬಂದರೆ, ಬೆಂಚಿನ ಮೇಲೆ ಟ್ರೂಸ್ ಅಜ್ಜಿ. ಒಬ್ಬರೇ. ಬೆಂಚು ಅಲುಗಾಡಿರಲಿಲ್ಲ. ಅವರು ಕೂತ ತುದಿಯ ಕೆಳಗೆ ಸೈಕಲ್ಲಿನದೊಂದು ಸ್ಟ್ಯಾಂಡ್ ಕಟ್ಟಲಾಗಿತ್ತು.

"ಅಜ್ಜಿ, ನಿಮಗೆ ಈ ಬೆಂಚು ಇಷ್ಟ ಇರಲಿಲ್ಲ ಅಲ್ವಾ?"

"ಯಾರು ಹೇಳಿದ್ದು? ನನ್ನ ಗಂಡ ಕೋಬಸ್ ತೀರಿಹೋದಮೇಲೆ ಜೊತೆಗೆ ಯಾರನ್ನ ಕರ್ಕೊಂಡು ಬರ್ಲಿ, ಹುಡುಗಿ? ಆ ಗಡ್ಡದವನು ಕೇಳ್ದ, ಹೇಳ್ದೆ. ನಿನ್ನೆ ಇದನ್ನ ತಂದು ಕಟ್ದ. ಒಬ್ಬರೇ ಇದ್ರೆ ಸ್ಟ್ಯಾಂಡ್ ಇಳಿಸಬೇಕು, ಜೊತೆ ಸಿಕ್ರೆ ಎತ್ತಬೇಕು. ನೀನು ಹೂಂ ಅಂದ್ರೆ ಬೆಂಚು ಇಲ್ಲೇ ಇರುತ್ತಂತೆ."

ಮೆರೆಲ್‌ಗೆ ನಾಚಿಕೆಯಾಯಿತು. ಒಂಟಿಯಾದವರಿಗೆಂದು ಮಾಡಿದ ಬೆಂಚಿನಲ್ಲಿ ಒಂಟಿಯಾದವರಿಗೇ ಜಾಗವಿರಲಿಲ್ಲ. ಅದು ಅವನಿಗೆ ಕಂಡಿತ್ತು, ತನಗೆ ಕಂಡಿರಲಿಲ್ಲ.

ಚೌಕದ ಆ ಕಡೆಯಿಂದ ಯೋರಿಸ್ ಬರುತ್ತಿದ್ದ. ಅಜ್ಜಿ ಚೀಲ ಎತ್ತಿಕೊಂಡು ಎದ್ದರು. "ನನಗೆ ಮೀನು ತರೋದಿದೆ," ಎಂದು, ಮೀನಂಗಡಿಯೇ ಇಲ್ಲದ ದಿಕ್ಕಿಗೆ ಹೊರಟರು.

ಯೋರಿಸ್ ಬೆಂಚಿನ ಅದೇ ತುದಿಯಲ್ಲಿ ಕೂತ.

"ಒಂದು ತೂತೂ ಕೊರೆದಿಲ್ಲ, ಬರೀ ಹಗ್ಗ. ಬೇಡ ಅಂದ್ರೆ ಈಗಲೇ ಬಿಚ್ಚಿಬಿಡ್ತೀನಿ," ಎಂದ. "ನಾನು ಯಾರು ಅಂತ ಮೊದಲ ದಿನವೇ ಹೇಳಬೇಕಿತ್ತು. ಹೇಳಿದ್ರೆ ನೀವು ಪಕ್ಕದಲ್ಲಿ ಕೂರಲ್ಲ ಅಂತ ಹೆದರಿದೆ. ವರದಿಗೆ ಬೇಕಾದ್ದು ಅವತ್ತೇ ಸಿಕ್ಕಿತ್ತು, ಮೆರೆಲ್. ಆಮೇಲೆ ಬಂದಿದ್ದು ನಿಮಗೋಸ್ಕರ."

ಅಷ್ಟು ಹೇಳಿ, ಹಿಮ್ಮಡಿಯಿಂದ ಸ್ಟ್ಯಾಂಡ್ ಎತ್ತಿಬಿಟ್ಟ. ಬೆಂಚು ಅವನ ಕಡೆ ವಾಲತೊಡಗಿತು.

"ಯೋರಿಸ್, ಬೀಳ್ತೀರಿ."

"ಗೊತ್ತು. ನೀನು ಕೂತರೆ ಮಾತ್ರ ಉಳಿದೇನು."

ನೀನು. ಮೊದಲ ಸಲ.

ಮೆರೆಲ್ ಓಡಿ ಇನ್ನೊಂದು ತುದಿಯಲ್ಲಿ ಕೂತಳು. ಬೆಂಚು ಓಲಾಡಿ, ನಿಧಾನವಾಗಿ ಸಮವಾಯಿತು. ಕುಂಡದ ಮೇಲಿಂದ ಅವನ ಕೈ ಚಾಚಿತು. ಅವಳು ಹಿಡಿದುಕೊಂಡಳು.

"ಸ್ಟ್ಯಾಂಡ್ ಹೇಗಿದೆ?" ಎಂದು ಅವನು ಅಳುಕುತ್ತ ಕೇಳಿದ.

"ಪರವಾಗಿಲ್ಲ," ಎಂದಳು ಮೆರೆಲ್. "ನೀನೂ ಪರವಾಗಿಲ್ಲ."

ಅವನ ಕಿವಿ ಕೆಂಪಾಯಿತು.

"ಏಳುವಾಗ ಹೇಳ್ತೀಯಾ?"

"ಎದ್ದರೆ ತಾನೇ ಹೇಳೋದು..."