ಗಗನಳ ಪ್ರೆಸ್ಸಿಗೊಂದು ಸಾಫ್ಟ್‌ವೇರ್

"ಮತ್ತೆ ಒತ್ತಕ್ಷರ ಉದುರೋದ್ವು ಕಣಿ ಸಾ. ಬತ್ತೀರಾ?"

ಮಳವಳ್ಳಿಯ ಪ್ರೆಸ್ಸಿನಿಂದ ಗಗನ ಹೀಗೆ ಫೋನ್ ಮಾಡಿದರೆ, ಮದ್ದೂರಿನ ಕಾಲೇಜು ಲ್ಯಾಬಿನಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವಳ ಸೋದರಮಾವ ಶಿವರಾಜು ಅವರ ಪ್ರೆಸ್ಸಿನ ಹಳೆಯ ಕಂಪ್ಯೂಟರಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವನು ನಾನೇ. ಲಗ್ನಪತ್ರಿಕೆ ಮಾಡುವ ಸಾಫ್ಟ್‌ವೇರ್ ಮಾತ್ರ ವಿಂಡೋಸಿನದು. ಅದನ್ನು ವೈನ್ ಎಂಬ ಇನ್ನೊಂದು ಸಾಫ್ಟ್‌ವೇರಿನ ಹೆಗಲ ಮೇಲೆ ಕೂರಿಸಿ ಓಡಿಸುತ್ತಿದ್ದೆವು. ವಾರಕ್ಕೊಮ್ಮೆ ಮುಗ್ಗರಿಸುತ್ತಿತ್ತು.

ಶನಿವಾರ ಹೋಗಿ ಸರಿ ಮಾಡುತ್ತಿದ್ದೆ. ಅವಳು ಪಕ್ಕದ ಸ್ಟೂಲಿನಲ್ಲಿ ಕೂತು, ಪರದೆ ನೋಡುವ ನೆಪದಲ್ಲಿ ನನ್ನನ್ನು ನೋಡುವಳು. ನಾನು ತಿರುಗಿದರೆ ತಟ್ಟನೆ ಕಾರ್ಡು ಎಣಿಸತೊಡಗುವಳು.

"ಎಷ್ಟಾಯ್ತು?"

"ನೀವು ನೋಡುದ್ರೆ ತಪ್ಪೋಯ್ತದೆ. ಅತ್ಲಾಗ್ ತಿರುಕಳಿ."

ನನಗೋ ಜಂಬ. ಅವಳಿಗೆ ಈ ತೇಪೆ ಕೆಲಸ ಯಾಕೆ? ಲಿನಕ್ಸಿಗೆಂದೇ ಹೊಸ ಸಾಫ್ಟ್‌ವೇರ್ ಬರೆದು ಕೈಗಿಟ್ಟು, ಆಮೇಲೆ ಮನಸ್ಸಿನ ಮಾತು ಹೇಳಬೇಕು ಅಂದುಕೊಂಡೆ.

"ಈಗಿರೋದೇ ಸಾಕು ಕಣಿ," ಅಂದಳು. ನಾನು ಕೇಳಲಿಲ್ಲ.

ಎಂಟು ತಿಂಗಳು ಬರೆದೆ. ಫೋನ್ ಬಂದರೆ ಮದ್ದೂರಿನಲ್ಲೇ ಕೂತು ಆನ್‌ಲೈನಿನಲ್ಲಿ ಸರಿಮಾಡಿಬಿಡುತ್ತಿದ್ದೆ. ಬರಬರುತ್ತಾ ಫೋನೂ ನಿಂತಿತು. ದಡ್ಡನಿಗೆ ಆಗಲೂ ತಿಳಿಯಲಿಲ್ಲ.

ಯುಗಾದಿ ಕಳೆದ ಮೇಲೆ ಹೋಗಿ ಹೊಸದನ್ನು ಹಾಕಿದೆ. ಗಗನ ಒಂದು ಚೀಟಿ ಮುಂದಿಟ್ಟಳು.

"ಮೊದ್ಲು ಇದೇ ಕಾರ್ಡು ಆಗ್ಲಿ ಸಾ."

ವಧು ಗಗನ. ವರ ಬೆಳಕವಾಡಿಯ ಜಯಪ್ರಕಾಶ್.

"ಒಪ್ಕೊಂಡ್ಬುಟ್ಯಾ?" ಚೀಟಿಯನ್ನು ಇನ್ನೊಮ್ಮೆ ಓದಿ ಕೇಳಿದೆ.

"ಮನೇಲಿ ಕೇಳುದ್ರು. ಯಾರ್‌ನ ತೋರ್ಸಿ ಬ್ಯಾಡ ಅನ್ಲಿ? ಆ ವೈನು ಅಷ್ಟೊಂದ್ ಸಲ ಕೆಡ್ತಿರ್ನಿಲ್ಲ ಕಣಿ. ಅರ್ಧ ಸಲ ನಾನೇ ಫಾಂಟ್ ಕಿತ್ತಾಕ್ತಿದ್ದೆ. ಇಲ್ದಿದ್ರೆ ನೀವೆಲ್ಲಿ ಬತ್ತಿದ್ರಿ?"

"ಇದನ್ನ ನಿನಗೋಸ್ಕರಾನೇ ಬರ್ದೆ ಗಗನ. ನೀನಂದ್ರೆ ನಂಗೆ ಪ್ರಾಣ."

"ಈ ಮಾತೊಂದ್ ಸಾಕಾಗಿತ್ತು." ಅವಳು ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಮಾವ ಮಾತು ಕೊಟ್ಬುಟ್ಟವ್ರೆ. ಟೈಪ್ ಮಾಡಿ ಸಾ."

ಮಾಡಿದೆ. ವರನ ಹೆಸರಿನ ಒತ್ತಕ್ಷರ ಎಷ್ಟು ಚೆನ್ನಾಗಿ ಕೂತಿತೆಂದರೆ, ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನಿಸಿತು.

ಇದಾಗಿ ಎರಡು ವರ್ಷ. ಶಿವರಾಜು ಎದುರು ಸಿಕ್ಕಾಗಲೆಲ್ಲ ನನ್ನ ಬೆನ್ನು ತಟ್ಟುತ್ತಾರೆ.

"ಏನ್ ಮಾಡ್ಕೊಟ್ರಿ ಸಾ! ಒಂದಿನಾನೂ ಕೆಟ್ಟಿಲ್ಲ. ನಿಮ್ಮುನ್ನ ಕರ್ಯೋ ಪ್ರಮೇಯಾನೇ ಬರ್ನಿಲ್ವಲ್ಲ!"